ತಾಯಿಯ ಪರ ವಾದಿಸಿದ ಖಗೋಳಜ್ಞ



ಗ್ರಹಗಳು ಸೂರ್ಯನನ್ನು ದೀರ್ಘವೃತ್ತಾಕಾರದ ಪಥದಲ್ಲಿ ಸುತ್ತುತ್ತವೆ ಎಂಬ ನಿಯಮವನ್ನು ನೀವು ಭೌತಶಾಸ್ತ್ರದ ಪುಸ್ತಕದಲ್ಲಿ ಓದಿರುತ್ತೀರಿ, ಇಲ್ಲವೇ ಮುಂದೆ ಓದಲಿದ್ದೀರಿ. ಅದನ್ನು ಕಂಡುಹಿಡಿದವನು ಜರ್ಮನಿಯ ಯೊಹಾನೆಸ್ ಕೆಪ್ಲರ್. ಗ್ರಹಗಳ ಚಲನೆಯನ್ನು ಕುರಿತ ಅವನ ಮೂರು ನಿಯಮಗಳನ್ನು ಬಾಯಿಪಾಠ ಮಾಡಿ ಬರೆದರೆ ಪರೀಕ್ಷೆಯಲ್ಲಿ ಅಂಕಗಳೂ ಸಿಗುತ್ತವೆ. ಆದರೆ ಆ ಮೂರನೆಯ ನಿಯಮವನ್ನು ಅವನು ಕಂಡುಕೊಂಡ ದಿನಗಳಲ್ಲಿಯೇ ಅವನ ಹೆತ್ತ ತಾಯಿಯ ಮೇಲೆ ಮಾಟಗಾತಿ ಎಂಬ ಆಪಾದನೆ ಇತ್ತು. ಅಪರಾಧ ಸಾಬೀತಾದರೆ ಆಕೆಗೆ ಮರಣದಂಡನೆ. ಈ ಸಂಗತಿಯನ್ನು ನಿಮ್ಮ ಪಠ್ಯಪುಸ್ತಕ ಹೇಳುವುದಿಲ್ಲ. ಇಂದು ಆ ಮೊಕದ್ದಮೆಯ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ದಕ್ಷಿಣ ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಪಟ್ಟಣದಲ್ಲಿ. ತಂದೆ ಕೂಲಿ ಸೈನಿಕ. ಸಂಬಳ ಕೊಟ್ಟವರ ಪರವಾಗಿ ಯುದ್ಧಕ್ಕೆ ಹೋಗುತ್ತಿದ್ದವನು ಒಮ್ಮೆ ಹೋದವನು ಮತ್ತೆ ಮರಳಲೇ ಇಲ್ಲ. ಮಕ್ಕಳನ್ನು ಬೆಳೆಸಿದವಳು ತಾಯಿ ಕಥರೀನಾ. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆದರೂ 1577ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡಾಗ, ಆರು ವರ್ಷದ ಮಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ಅದನ್ನು ತೋರಿಸಿದವಳು ಆಕೆಯೇ. ಮುಂದೆ ಆ ಹುಡುಗ ವುರ್ಟೆಂಬರ್ಗ್ ಸಂಸ್ಥಾನದ ಡ್ಯೂಕನ ವಿದ್ಯಾರ್ಥಿವೇತನ ಪಡೆದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಲಿತ. 1600ರಲ್ಲಿ ಪ್ರಾಗ್ ನಗರಕ್ಕೆ ಹೋಗಿ ಹೆಸರಾಂತ ಖಗೋಳಜ್ಞ ಟೈಕೊ ಬ್ರಾಹೆಯ ಜೊತೆ ಸೇರಿದ. ಮರುವರ್ಷ ಟೈಕೊ ತೀರಿಕೊಂಡಾಗ ಚಕ್ರವರ್ತಿ ಎರಡನೆಯ ರುಡಾಲ್ಫ್ ಕೆಪ್ಲರನನ್ನೇ ಆಸ್ಥಾನ ಗಣಿತಜ್ಞನನ್ನಾಗಿ ನೇಮಿಸಿದ.

ಇಲ್ಲಿ ಒಂದು ಮಾತನ್ನು ನೆನಪಿಡಿ. ಮಂಗಳ ಗ್ರಹದ ಪಥವನ್ನು ಲೆಕ್ಕ ಹಾಕುವಾಗ ಕೆಪ್ಲರನ ಲೆಕ್ಕಕ್ಕೂ ಟೈಕೊ ಮಾಡಿಟ್ಟಿದ್ದ ವೀಕ್ಷಣೆಗೂ ಒಂದಿಷ್ಟು ವ್ಯತ್ಯಾಸ ಬಂತು. ಎಷ್ಟು? ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ ಕೇವಲ 8 ಭಾಗ. ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲು ಪಾಲು. ಬೇರೆ ಯಾರಾದರೂ ಆಗಿದ್ದರೆ ಇರಲಿ ಬಿಡು ಎನ್ನುತ್ತಿದ್ದರು. ಕೆಪ್ಲರ್ ಬಿಡಲಿಲ್ಲ. ಕಂಡ ಸಂಗತಿಗೆ ಹೊಂದದ ಸಿದ್ಧಾಂತವನ್ನೇ ಕೈಬಿಟ್ಟು ಮತ್ತೆ ಮೊದಲಿನಿಂದ ಲೆಕ್ಕಕ್ಕೆ ಕುಳಿತ. ಆ ದಾರಿಯಲ್ಲಿಯೇ ದೀರ್ಘವೃತ್ತ ಸಿಕ್ಕಿತು. ಮೊದಲ ಎರಡು ನಿಯಮಗಳಿರುವ ಅವನ ಗ್ರಂಥ 1609ರಲ್ಲಿ ಪ್ರಕಟವಾಯಿತು.

ಈಗ ತಾಯಿಯ ಊರಿಗೆ ಬರೋಣ. ಕಥರೀನಾ ವಾಸವಾಗಿದ್ದುದು ವುರ್ಟೆಂಬರ್ಗ್‌ನ ಲಿಯೋನ್‌ಬರ್ಗ್ ಪಟ್ಟಣದಲ್ಲಿ. ಗಿಡಮೂಲಿಕೆಗಳ ಪರಿಚಯವಿದ್ದ ಮುದುಕಿ. ಮಾತು ಸ್ವಲ್ಪ ಒರಟು. 1615ರಲ್ಲಿ ಊರ್ಸುಲಾ ರೈನ್‌ಬೋಲ್ಡ್ ಎಂಬ ನೆರೆಯ ಹೆಂಗಸು, ಕಥರೀನಾ ಕೊಟ್ಟ ಪಾನೀಯ ಕುಡಿದದ್ದರಿಂದಲೇ ತನಗೆ ಕಾಯಿಲೆ ಬಂತೆಂದು ದೂರಿದಳು. ಊರ್ಸುಲಾಳ ಅಣ್ಣ ರಾಜಮನೆತನದವರ ಕ್ಷೌರಿಕ ವೈದ್ಯ. ಅವನು ಕುಡಿದ ಅಮಲಿನಲ್ಲಿ, ಊರಿನ ಅಧಿಕಾರಿ ಲೂಥರಸ್ ಐನ್‌ಹಾರ್ನ್‌ನ ಎದುರಿನಲ್ಲಿಯೇ, ಕತ್ತಿ ತೋರಿಸಿ, ನೀನು ಮಾಡಿದ ಮಾಟವನ್ನು ನೀನೇ ತೆಗೆ ಎಂದು ಮುದುಕಿಯನ್ನು ಹೆದರಿಸಿದ. ಆಕೆ ಒಪ್ಪಲಿಲ್ಲ. ಒಪ್ಪಿದ್ದರೆ ಮಾಟ ಬರುತ್ತದೆಂದು ತಾನೇ ಸಾರಿದಂತಾಗುತ್ತಿತ್ತು.

ಕುಟುಂಬದವರು ಮಾನನಷ್ಟದ ದಾವೆ ಹೂಡಿದರು. ಅದರ ವಿಚಾರಣೆ ಮುಂದೆ ಮುಂದೆ ಹೋಗುತ್ತಿದ್ದಂತೆ ಇತ್ತ ಗುಮಾನಿಗಳು ಬೆಳೆದವು. ಇಟ್ಟಿಗೆ ಹೊತ್ತು ಹೋಗುತ್ತಿದ್ದ ಹುಡುಗಿಯೊಬ್ಬಳು, ಈ ಮುದುಕಿ ಹಾದು ಹೋದ ಮೇಲೆ ತನ್ನ ತೋಳು ನೋಯತೊಡಗಿತು ಎಂದಳು. ಊರಿನ ಶಾಲಾ ಮೇಷ್ಟ್ರು, ಈಕೆ ಕೊಟ್ಟ ದ್ರಾಕ್ಷಾರಸದಿಂದಲೇ ತನ್ನ ಕಾಲು ಊನವಾಯಿತು ಎಂದ. ಈ ಮೇಷ್ಟ್ರು ಯಾರು ಗೊತ್ತೆ? ಕೆಪ್ಲರನ ಬಾಲ್ಯದ ಸಹಪಾಠಿ. ಮಗ ಬರೆದ ಕಾಗದಗಳನ್ನು ಓದು ಬಾರದ ಆ ತಾಯಿಗೆ ಓದಿ ಹೇಳುತ್ತಿದ್ದವನು. ಗಾಬರಿಗೊಂಡ ಕಥರೀನಾ ಅಧಿಕಾರಿಗೆ ಒಂದು ಬೆಳ್ಳಿಯ ಬಟ್ಟಲು ಕೊಡಲು ಹೋದಳು. ಅದೂ ಆಕೆಗೇ ಮುಳುವಾಯಿತು. ತಪ್ಪು ಮಾಡದವಳು ಲಂಚವನ್ನೇಕೆ ಕೊಡುತ್ತಾಳೆ ಎಂದರು.

ಆ ಕಾಲದ ಯುರೋಪನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಬೆಳೆ ಕೆಟ್ಟರೆ, ದನ ಸತ್ತರೆ, ಮಗುವಿಗೆ ಜ್ವರ ಬಂದರೆ ಯಾರೋ ಮಾಟ ಮಾಡಿದ್ದಾರೆಂದು ಜನ ನಂಬುತ್ತಿದ್ದರು. ಪಂಡಿತರೂ ಪಾದ್ರಿಗಳೂ ನಂಬುತ್ತಿದ್ದರು. ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಕಾಲದಲ್ಲಿ, 1532ರಲ್ಲಿ ಜಾರಿಗೆ ಬಂದ ದಂಡಸಂಹಿತೆಯ ಪ್ರಕಾರ ಮಾಟದಿಂದ ಕೇಡು ಮಾಡಿದವರಿಗೆ ಬೆಂಕಿಯಲ್ಲಿ ಸುಡುವ ಶಿಕ್ಷೆ. ಸಾಕಷ್ಟು ಗುಮಾನಿ ಇದೆಯೆಂದು ಕಂಡರೆ ಆರೋಪಿಗೆ ಚಿತ್ರಹಿಂಸೆ ಕೊಡಬಹುದಾಗಿತ್ತು. ಹಿಂಸೆ ತಾಳಲಾರದೆ ಆಕೆ ತಪ್ಪೊಪ್ಪಿಕೊಂಡರೆ ಅದೇ ಸಾಕ್ಷ್ಯ. ಜೊತೆಗಾರರು ಯಾರೆಂದು ಕೇಳಿದಾಗ ಇನ್ನೊಂದಿಷ್ಟು ಹೆಸರುಗಳನ್ನು ಹೇಳಿದರೆ ಅವರ ಮೇಲೂ ಮೊಕದ್ದಮೆ. ಯುರೋಪಿನಲ್ಲಿ ಹೀಗೆ ಪ್ರಾಣ ಕಳೆದುಕೊಂಡವರು ಸುಮಾರು 40ರಿಂದ 50 ಸಾವಿರ ಮಂದಿ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು.

1620ರ ಆಗಸ್ಟ್ 7ರಂದು, ಮಗಳ ಮನೆಯಲ್ಲಿದ್ದ ಕಥರೀನಾಳನ್ನು ರಾತ್ರಿಯ ವೇಳೆ ಬಂಧಿಸಿ ಒಂದು ಪೆಟ್ಟಿಗೆಯೊಳಗೆ ಹಾಕಿ ಹೊತ್ತೊಯ್ದರು. ಆಗ ಆಕೆಗೆ ಎಪ್ಪತ್ತು ದಾಟಿತ್ತು. ಕೆಪ್ಲರ್ ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿದ್ದ. ಮೂರನೆಯ ನಿಯಮವಿರುವ ಗ್ರಂಥವನ್ನು ಹಿಂದಿನ ವರ್ಷವಷ್ಟೇ ಪ್ರಕಟಿಸಿದ್ದ. ಮೂವತ್ತು ವರ್ಷಗಳ ಯುದ್ಧ ಆರಂಭವಾಗಿ ಎರಡು ವರ್ಷವಾಗಿತ್ತು. ಧಾರ್ಮಿಕ ಒಡಂಬಡಿಕೆಯೊಂದನ್ನು ಪೂರ್ತಿಯಾಗಿ ಒಪ್ಪಲಿಲ್ಲವೆಂದು ಅವನದೇ ಪಂಥದ ಪಾದ್ರಿ ಅವನನ್ನು ಪ್ರಭುಭೋಜನದ ವಿಧಿಯಿಂದ ಹೊರಗಿಟ್ಟಿದ್ದ. ಹೀಗೆ ತನ್ನ ಸ್ಥಾನವೇ ಭದ್ರವಿಲ್ಲದಿದ್ದರೂ ಆತ ಕೆಲಸ ಬಿಟ್ಟು, ಲಿಂಟ್ಸ್ ಬಿಟ್ಟು ತಾಯಿಯಿದ್ದಲ್ಲಿಗೆ ಹೊರಟ.

ಗ್ಯೂಗ್ಲಿಂಗೆನ್ ಎಂಬ ಊರಿನ ಸೆರೆಯಲ್ಲಿ ತಾಯಿಯನ್ನು ಸರಪಳಿಯಿಂದ ಬಿಗಿದಿದ್ದರು. ಎಪ್ಪತ್ತು ದಾಟಿದ ಒಬ್ಬ ಮುದುಕಿಗೆ ಇಬ್ಬರು ಕಾವಲುಗಾರರು. ಅವರ ಖರ್ಚೂ ಆಕೆಯ ಆಸ್ತಿಯಿಂದಲೇ. ವಿಚಾರಣೆಗೆ ಕೆಪ್ಲರ್ ಸ್ವತಃ ತಾಯಿಯ ಜೊತೆ ನಿಂತ. ಆರೋಪಿತಳು ದುರದೃಷ್ಟವಶಾತ್ ಗಣಿತಜ್ಞನಾದ ತನ್ನ ಮಗನ ನೆರವಿನೊಂದಿಗೆ ಹಾಜರಾಗಿದ್ದಾಳೆ ಎಂದು ನ್ಯಾಯಾಲಯದ ಗುಮಾಸ್ತ ದಾಖಲೆಯಲ್ಲಿ ಬರೆದಿಟ್ಟ! ಆ ದುರದೃಷ್ಟ ಯಾರದೆಂದು ನೀವೇ ಊಹಿಸಿಕೊಳ್ಳಿ.

ಕೆಪ್ಲರನ ವಾದದ ಬಗೆಯನ್ನು ಗಮನಿಸಿ. ಲೋಕದಲ್ಲಿ ಮಾಟವೆಂಬುದೇ ಇಲ್ಲ ಎಂದು ಅವನು ಹೇಳಲಿಲ್ಲ. ಆ ಕಾಲದವರಂತೆ ಅವನಿಗೂ ಆ ನಂಬಿಕೆ ಪೂರ್ತಿ ಹೋಗಿರಲಿಲ್ಲ. ಅವನು ಕೇಳಿದ್ದು ಇಷ್ಟೆ: ಈ ಹೆಂಗಸು ಈ ಕೆಲಸ ಮಾಡಿದಳೆನ್ನಲು ಆಧಾರವೇನು? ಹತ್ತಾರು ಆರೋಪಗಳನ್ನು ಒಂದೊಂದಾಗಿ ತೆಗೆದುಕೊಂಡ. ಊರ್ಸುಲಾಳ ಕಾಯಿಲೆಗೆ ಬೇರೆ ಕಾರಣವಿದೆ ಎಂದ. ತೋಳು ನೋಯಲು ಇಟ್ಟಿಗೆಯ ಭಾರವೇ ಸಾಕು, ಮೇಷ್ಟ್ರ ಕಾಲು ಊನವಾದದ್ದು ಹಳ್ಳ ಹಾರಿದಾಗ ಎಂದು ತೋರಿಸಿದ. ಸಾಕ್ಷಿಗಳ ಹೇಳಿಕೆಗಳನ್ನು ಪಕ್ಕ ಪಕ್ಕ ಇಟ್ಟು ಒಂದಕ್ಕೊಂದು ಹೊಂದದ ಕಡೆಗಳನ್ನು ಎತ್ತಿ ತೋರಿಸಿದ. ವಿಚಾರಣೆಯಲ್ಲಿ ಮುದುಕಿ ಅಳಲಿಲ್ಲ, ಮಾಟಗಾತಿಯರಿಗೆ ಕಣ್ಣೀರು ಬಾರದು ಎಂಬ ಆಕ್ಷೇಪವೂ ಇತ್ತು. ಬದುಕಿನಲ್ಲಿ ಅತ್ತು ಅತ್ತು ಕಣ್ಣೀರೇ ಉಳಿದಿಲ್ಲ ಎಂದು ಅದಕ್ಕೆ ಕಥರೀನಾಳೇ ಉತ್ತರ ಕೊಟ್ಟಳು. ಕೊನೆಗೆ ಸಲ್ಲಿಸಿದ ಪ್ರತಿವಾದದ ಹೇಳಿಕೆ 128 ಪುಟಗಳಷ್ಟಿತ್ತು. ಎಂಟು ನಿಮಿಷದ ವ್ಯತ್ಯಾಸವನ್ನು ಬಿಟ್ಟುಕೊಡದಿದ್ದ ಅದೇ ಮನಸ್ಸು ಇಲ್ಲಿಯೂ ಕೆಲಸ ಮಾಡಿತ್ತು.

ಕಡತ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರ ವಿಭಾಗಕ್ಕೆ ಹೋಯಿತು. ಹಿಂಸಿಸಲು ಸಾಕಷ್ಟು ಆಧಾರವಿಲ್ಲ, ಬಿಡುಗಡೆ ಮಾಡುವಷ್ಟೂ ಸ್ಪಷ್ಟವಿಲ್ಲ ಎಂಬಂತಿತ್ತು ಅವರ ತೀರ್ಮಾನ. ಹಿಂಸೆಯ ಉಪಕರಣಗಳನ್ನು ತೋರಿಸಿ ಹೆದರಿಸಿ ಕೇಳಿರಿ ಎಂದರು. 1621ರ ಸೆಪ್ಟೆಂಬರ್ 28ರಂದು ಕೊಲೆಗಡುಕನು ಒಂದೊಂದು ಉಪಕರಣವನ್ನೂ ಆಕೆಗೆ ತೋರಿಸಿದ. ಆ ದಿನ ವಾದಿಸಲು ಮಗ ಪಕ್ಕದಲ್ಲಿರಲಿಲ್ಲ. ಮೈಯ ನರಗಳನ್ನು ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳುವಂಥದ್ದು ತನ್ನಲ್ಲಿ ಏನೂ ಇಲ್ಲವೆಂದು ಹೇಳಿ ಆಕೆ ಮಂಡಿಯೂರಿ ಪ್ರಾರ್ಥಿಸಿದಳು. ಕೆಲವೇ ದಿನಗಳಲ್ಲಿ ಬಿಡುಗಡೆಯ ಆಜ್ಞೆ ಬಂತು. ಹದಿನಾಲ್ಕು ತಿಂಗಳ ಸೆರೆವಾಸ ಮುಗಿಯಿತು. ಕೆಪ್ಲರ್ ಸಿದ್ಧಪಡಿಸಿದ ವಾದವೂ ಬೇಕಿತ್ತು; ಆದರೆ ಆ ಕೊನೆಯ ಗಳಿಗೆಯಲ್ಲಿ ಗೆದ್ದದ್ದು ಅಕ್ಷರ ಬಾರದ ಆ ತಾಯಿಯ ಎದೆಗಾರಿಕೆ.

ಗೆದ್ದರೂ ಆಕೆ ಲಿಯೋನ್‌ಬರ್ಗ್‌ಗೆ ಮರಳಲಾಗಲಿಲ್ಲ. ಬಂದರೆ ಕೊಲ್ಲುತ್ತೇವೆಂದು ಊರಿನವರು ಬೆದರಿಸಿದ್ದರು. ನ್ಯಾಯಾಲಯ ಬಿಟ್ಟರೂ ಗುಮಾನಿ ಬಿಡಲಿಲ್ಲ. 1622ರ ಏಪ್ರಿಲ್‌ನಲ್ಲಿ ಕಥರೀನಾ ತೀರಿಕೊಂಡಳು. ಕೆಪ್ಲರ್ 1630ರಲ್ಲಿ ಕಣ್ಮುಚ್ಚಿದ. ಮರುವರ್ಷವೇ ಫ್ರೀಡ್ರಿಖ್ ಸ್ಪೇ ಎಂಬ ಜೆಸುಯಿಟ್ ಪಾದ್ರಿ ಬರೆದ ಒಂದು ಪುಸ್ತಕ, ಲೇಖಕರ ಹೆಸರಿಲ್ಲದೆ, ಬೆಳಕು ಕಂಡಿತು. ಚಿತ್ರಹಿಂಸೆ ಕೊಟ್ಟರೆ ಯಾರ ಬಾಯಿಂದ ಏನನ್ನು ಬೇಕಾದರೂ ಹೇಳಿಸಬಹುದು ಎಂಬುದು ಅದರ ವಾದದ ತಿರುಳು. ಆದರೂ ಈ ಮೊಕದ್ದಮೆಗಳು ನಿಲ್ಲಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1782ರಲ್ಲಿ ಸ್ವಿಟ್ಜರ್‌ಲೆಂಡಿನ ಗ್ಲಾರುಸ್‌ನಲ್ಲಿ ಆನಾ ಗೋಲ್ಡಿ ಎಂಬ ಮನೆಗೆಲಸದವಳ ತಲೆ ಕಡಿದರು. ಆಕೆ ನಿರ್ದೋಷಿ ಎಂದು ಅಲ್ಲಿನ ಶಾಸನಸಭೆ ಘೋಷಿಸಿದ್ದು 2008ರಲ್ಲಿ.

ಮಿತ್ರರೆ, ವಿಜ್ಞಾನವೆಂದರೆ ಸೂತ್ರಗಳಷ್ಟೇ ಅಲ್ಲ, ಹೇಳಿದ್ದಕ್ಕೆ ಆಧಾರ ಕೇಳುವ ಅಭ್ಯಾಸವೂ ಹೌದು. ಆಕಾಶದ ಮಂಗಳನ ಬಗ್ಗೆ ಆಧಾರ ಕೇಳುವುದು ಸುಲಭ; ಮಂಗಳನಿಗೆ ಸಿಟ್ಟು ಬರುವುದಿಲ್ಲ. ಊರೆಲ್ಲ ಒಂದು ಮಾತು ಹೇಳುತ್ತಿರುವಾಗ, ಬಡವಿಯೊಬ್ಬಳ ಕಡೆಗೆ ಎಲ್ಲರೂ ಬೆರಳು ತೋರಿಸುತ್ತಿರುವಾಗ, ನೋಡಿದವರು ಯಾರು, ಯಾವಾಗ ನೋಡಿದರು, ಬೇರೆ ಕಾರಣವಿರಬಹುದೆ ಎಂದು ಕೇಳುವುದು ಕಷ್ಟ. ಅಂಥ ಮಾತು ನಿಮ್ಮ ಬೀದಿಯಲ್ಲೋ ತರಗತಿಯಲ್ಲೋ ಕಿವಿಗೆ ಬಿದ್ದ ದಿನ, ಅದನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಕೆಪ್ಲರನ ಮೂರು ನಿಯಮಗಳ ಜೊತೆಗೆ ಇವೂ ನಿಮಗೆ ನೆನಪಿರಲಿ.