ಎಲ್ಲೆಯ ಗೆರೆ, ಎಣಿಕೆಯ ಗೆರೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡದ ಅಧ್ಯಾಪಕನೊಬ್ಬನು ವಾರ್ಷಿಕೋತ್ಸವದ ವೇದಿಕೆಯನ್ನೇರಿದನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ನಾನು ಆರಿಸಿಕೊಂಡಿರುವ ವಿಷಯ ಕಾವ್ಯಕ್ಕೆ ಸೇರಿದ್ದಲ್ಲ, ಲೆಕ್ಕಕ್ಕೆ ಸೇರಿದ್ದು. ಅದೂ ದೂರದ ಅಮೆರಿಕಾ ಸಂಯುಕ್ತ ಸಂಸ್ಥಾನದ ಜಾರ್ಜಿಯಾ ಎಂಬ ರಾಜ್ಯಕ್ಕೆ ಸೇರಿದ್ದು. ಆ ರಾಜ್ಯದ ಕೌಂಟಿಗಳನ್ನು ದೊಡ್ಡ ನಗರಗಳ ಸುತ್ತ ಹೇಗೆ ಗುಂಪುಗೂಡಿಸಿ ಎಣಿಸುತ್ತಾರೆ ಎಂಬುದನ್ನು ತಮ್ಮ ಮುಂದಿಡಬೇಕೆಂದು ನನ್ನ ಆಸೆ. ಹೊಸೂರಿನ ಕನ್ನಡಿಗರಿಗೆ ಇದರಿಂದೇನು ಎಂದು ಯಾರಾದರೂ ಕೇಳಿಯಾರು. ಎಲ್ಲೆಯ ಮೇಲೆ ಬಾಳುವವರಿಗೆ, ತಮ್ಮನ್ನು ಯಾವ ಗೆರೆಯೊಳಗೆ ನಿಲ್ಲಿಸಿ ಎಣಿಸುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಗೆರೆ ಬದಲಾದರೆ ಅದೇ ಜನ ಹೆಚ್ಚೂ ಆಗುತ್ತಾರೆ, ಕಡಿಮೆಯೂ ಆಗುತ್ತಾರೆ. ಈ ಮಾತಿಗೆ ಜಾರ್ಜಿಯಾ ಒಳ್ಳೆಯ ನಿದರ್ಶನ.

ಮೊದಲು ಕೌಂಟಿ ಎಂದರೇನೆಂಬುದನ್ನು ತಿಳಿಯೋಣ. ಅದು ರಾಜ್ಯದ ಒಳಗಿನ ಆಡಳಿತ ವಿಭಾಗ. ಹೆಸರಿನಲ್ಲಿ ನಮ್ಮ ಜಿಲ್ಲೆಯನ್ನು ಹೋಲಿದರೂ ಅಳತೆಯಲ್ಲಿ ಅದು ತಾಲ್ಲೂಕಿಗೆ ಹತ್ತಿರ. ಜಾರ್ಜಿಯಾ ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ಚಿಕ್ಕದು. ಅಲ್ಲಿ 159 ಕೌಂಟಿಗಳಿವೆ. ಸರಾಸರಿ ಒಂದು ಕೌಂಟಿ ಸಾವಿರ ಚದರ ಕಿಲೋಮೀಟರಿಗಿಂತ ತುಸು ಕಡಿಮೆ. ರೈತನೊಬ್ಬನು ಹೇಸರಗತ್ತೆಯ ಬಂಡಿ ಹೂಡಿಕೊಂಡು ಕೌಂಟಿಯ ಕಛೇರಿಗೆ ಹೋಗಿ ಅಂದೇ ಮನೆಗೆ ಮರಳುವಷ್ಟು ದೂರದಲ್ಲಿ ಎಲ್ಲೆಗಳನ್ನು ಇಟ್ಟರು ಎಂದು ಅಲ್ಲಿಯ ಜನ ಹೇಳಿಕೊಳ್ಳುವುದುಂಟು. ಕಥೆಯೋ ನಿಜವೋ, ಎಲ್ಲೆಗಳು ಬಂಡಿಯ ಕಾಲದವು ಎಂಬುದಂತೂ ದಿಟ. ಇಂದು ಜನ ಮೋಟಾರಿನಲ್ಲಿ ಮೂರು ಕೌಂಟಿಗಳನ್ನು ದಾಟಿ ಕೆಲಸಕ್ಕೆ ಹೋಗಿ ಸಂಜೆಗೆ ಹಿಂದಿರುಗುತ್ತಾರೆ. ಬಂಡಿಯ ಕಾಲದ ಗೆರೆಯೊಳಗೆ ಮೋಟಾರಿನ ಕಾಲದ ಬಾಳನ್ನು ಅಳೆಯುವುದು ಹೇಗೆ?

ಈ ತೊಡಕಿಗೆ ಅವರು ಕಂಡುಕೊಂಡ ಪರಿಹಾರಕ್ಕೆ ಮೆಟ್ರೊಪಾಲಿಟನ್ ಸ್ಟ್ಯಾಟಿಸ್ಟಿಕಲ್ ಏರಿಯಾ ಎಂದು ಹೆಸರು. ನಾವು ಅದನ್ನು ಮಹಾನಗರ ಗಣನಾ ವಲಯ ಎಂದು ಕರೆಯೋಣ. 1910ರ ಜನಗಣತಿಯಲ್ಲೇ ಇದರ ಬೀಜವಿತ್ತು. 1950ರ ಗಣತಿಯ ಹೊತ್ತಿಗೆ ದೇಶಕ್ಕೆಲ್ಲ ಒಂದೇ ಅಳತೆಗೋಲು ಸಿದ್ಧವಾಯಿತು. ಇಂದು ಈ ವಲಯಗಳನ್ನು ಗುರುತಿಸತಕ್ಕ ಅಧಿಕಾರ ರಾಷ್ಟ್ರಾಧ್ಯಕ್ಷರ ಕಾರ್ಯಾಲಯಕ್ಕೆ ಸೇರಿದ ಆಯವ್ಯಯ ಕಛೇರಿಯದು. ಬೇಕಾದ ಅಂಕಿಗಳನ್ನು ಒದಗಿಸುವುದು ಜನಗಣತಿ ಇಲಾಖೆ.

ನಿಯಮ ತುಂಬಾ ಸರಳ. ಒತ್ತೊತ್ತಾಗಿ ಮನೆಗಳಿರುವ, 50,000ಕ್ಕೆ ಕಡಿಮೆಯಿಲ್ಲದ ಜನ ವಾಸಿಸುವ ನಗರ ಪ್ರದೇಶವೊಂದು ನಡುವಿನ ತಿರುಳಾಗಿರಬೇಕು. ಆ ತಿರುಳು ಯಾವ ಕೌಂಟಿಗಳಲ್ಲಿ ಹರಡಿದೆಯೋ ಅವು ಕೇಂದ್ರ ಕೌಂಟಿಗಳು. ಅನಂತರ ಸುತ್ತಲಿನ ಕೌಂಟಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ನೆರೆಯ ಕೌಂಟಿಯಲ್ಲಿ ವಾಸಿಸುವ ದುಡಿಮೆಗಾರರಲ್ಲಿ ಶೇಕಡಾ 25 ಮಂದಿಯಾದರೂ ಕೇಂದ್ರ ಕೌಂಟಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರೆ, ಅಥವಾ ನೆರೆಯ ಕೌಂಟಿಯಲ್ಲಿ ಕೆಲಸ ಮಾಡುವವರಲ್ಲಿ ಶೇಕಡಾ 25 ಮಂದಿ ಕೇಂದ್ರದಿಂದ ಬರುವವರಾಗಿದ್ದರೆ, ಅದು ಹೊರವಲಯದ ಕೌಂಟಿಯಾಗಿ ಗುಂಪಿಗೆ ಸೇರುತ್ತದೆ. ಒಂದು ಕೌಂಟಿ ಒಂದೇ ವಲಯಕ್ಕೆ ಸೇರತಕ್ಕದ್ದು, ಮತ್ತು ಇಡಿಯಾಗಿ ಸೇರತಕ್ಕದ್ದು. ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬುದಿಲ್ಲ. 2003ರಿಂದ, 10,000ದಿಂದ 50,000ದವರೆಗಿನ ಜನವಿರುವ ಚಿಕ್ಕ ತಿರುಳುಗಳ ಸುತ್ತಲೂ ಇದೇ ರೀತಿ ಕಿರುನಗರ ವಲಯಗಳನ್ನು ಗುರುತಿಸುತ್ತಿದ್ದಾರೆ. ಹತ್ತು ವರ್ಷಗಳಿಗೊಮ್ಮೆ ನಿಯಮವನ್ನೇ ಮರಳಿ ಪರಿಶೀಲಿಸಿ, ಹೊಸ ಪಟ್ಟಿ ಹೊರಡಿಸುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಜನ ಯಾವ ಜಾತಿಯವರು, ಯಾವ ಪಕ್ಷದವರು, ಯಾವ ರಾಜ್ಯದ ಧ್ವಜಕ್ಕೆ ವಂದಿಸುವವರು ಎಂದು ಈ ನಿಯಮ ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೀರಿ ಎಂಬ ಒಂದೇ ಪ್ರಶ್ನೆ. ಜನರ ಕಾಲುಗಳು ಎಳೆದ ಗೆರೆಯನ್ನು ಸರ್ಕಾರ ಕಾಗದದ ಮೇಲೆ ಮೂಡಿಸುತ್ತದೆ, ಅಷ್ಟೆ.

ಇದರ ಫಲವನ್ನು ಅಟ್ಲಾಂಟಾದಲ್ಲಿ ನೋಡಿ. 1950ರಲ್ಲಿ ಆ ವಲಯದಲ್ಲಿದ್ದುದು ಫುಲ್ಟನ್, ಡಿಕಾಲ್ಬ್, ಕಾಬ್ ಎಂಬ ಮೂರೇ ಕೌಂಟಿಗಳು. ಇಂದು ಸುಮಾರು ಮೂವತ್ತು ಕೌಂಟಿಗಳು ಅದರಲ್ಲಿ ಸೇರಿವೆ. 2020ರ ಗಣತಿಯಲ್ಲಿ ಅಟ್ಲಾಂಟಾ ನಗರಸಭೆಯ ಎಲ್ಲೆಯೊಳಗಿನ ಜನ ಐದು ಲಕ್ಷಕ್ಕೆ ತುಸು ಕಡಿಮೆ. ವಲಯದ ಜನ ಅರವತ್ತು ಲಕ್ಷಕ್ಕೂ ಮೇಲು. ಅಟ್ಲಾಂಟಾ ಎಷ್ಟು ದೊಡ್ಡ ಊರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸತ್ಯ. 2012ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಈ ಅಟ್ಲಾಂಟಾದಲ್ಲಿಯೇ. ಅಲ್ಲಿಯ ಕನ್ನಡಿಗರಲ್ಲಿ ಅನೇಕರು ನಗರಸಭೆಯ ಎಲ್ಲೆಯ ಹೊರಗೆ, ಸುತ್ತಲಿನ ಕೌಂಟಿಗಳಲ್ಲಿ ಮನೆ ಮಾಡಿಕೊಂಡವರು. ಆದರೂ ಊರು ಯಾವುದೆಂದು ಕೇಳಿದರೆ ಅಟ್ಲಾಂಟಾ ಎಂದೇ ಹೇಳುತ್ತಾರೆ. ವಲಯದ ಲೆಕ್ಕವೂ ಅದನ್ನೇ ಹೇಳುತ್ತದೆ.

ಇನ್ನು ನಮ್ಮಂಥವರ ಕಿವಿ ನಿಮಿರಬೇಕಾದ ಭಾಗ. ಈ ವಲಯಗಳು ರಾಜ್ಯದ ಎಲ್ಲೆಯ ಬಳಿ ಬಂದು ನಿಂತುಬಿಡುವುದಿಲ್ಲ. ಅದನ್ನು ದಾಟಿ ಹೋಗುತ್ತವೆ. ಸವಾನಾ ನದಿಯ ದಡದ ಅಗಸ್ಟಾ ಊರು ಜಾರ್ಜಿಯಾದ್ದು. ನದಿಯಾಚೆ ದಕ್ಷಿಣ ಕೆರೊಲಿನಾ. ಅಲ್ಲಿಯ ಏಕನ್ ಮತ್ತು ಎಜ್‌ಫೀಲ್ಡ್ ಕೌಂಟಿಗಳು ಅಗಸ್ಟಾ ವಲಯಕ್ಕೆ ಸೇರಿವೆ. ಚಟ್ಟಹೂಚಿ ನದಿಯ ಈಚೆ ಜಾರ್ಜಿಯಾದ ಕೊಲಂಬಸ್, ಆಚೆ ಅಲಬಾಮಾದ ಫೀನಿಕ್ಸ್ ಸಿಟಿ. ಕಾನೂನಿನ ಪ್ರಕಾರ ಅಲಬಾಮಾದ ಗಡಿಯಾರ ಜಾರ್ಜಿಯಾದ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ. ಆದರೆ ಫೀನಿಕ್ಸ್ ಸಿಟಿಯ ಜನ ತಮ್ಮ ಗಡಿಯಾರಗಳನ್ನು ಕೊಲಂಬಸ್ಸಿನ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ. ಕೆಲಸ ಅಲ್ಲಿ, ಅಂಗಡಿ ಅಲ್ಲಿ, ನಂಟರು ಅಲ್ಲಿ; ರಾಜ್ಯದ ಹೊತ್ತನ್ನು ಕಟ್ಟಿಕೊಂಡು ಏನು ಮಾಡುವುದು?

ಉತ್ತರದ ಮೂಲೆಯ ಕಥೆ ಇನ್ನೂ ಸೊಗಸು. ಜಾರ್ಜಿಯಾದ ಡೇಡ್, ವಾಕರ್, ಕಟೂಸಾ ಎಂಬ ಮೂರು ಕೌಂಟಿಗಳು ಎಣಿಕೆಯಲ್ಲಿ ಸೇರುವುದು ನೆರೆರಾಜ್ಯ ಟೆನೆಸಿಯ ಚಟ್ಟನೂಗಾ ನಗರದ ವಲಯಕ್ಕೆ. ಡೇಡ್ ಕೌಂಟಿ ಬೆಟ್ಟಗಳ ಮರೆಯಲ್ಲಿದೆ. 1930ರ ದಶಕದ ಕೊನೆಯವರೆಗೆ ಜಾರ್ಜಿಯಾದ ಉಳಿದ ಭಾಗದಿಂದ ಅಲ್ಲಿಗೆ ನೇರ ರಸ್ತೆಯೇ ಇರಲಿಲ್ಲ. ಸ್ವಂತ ರಾಜಧಾನಿಗೆ ಹೋಗಬೇಕಾದರೂ ಅನ್ಯರಾಜ್ಯವನ್ನು ಬಳಸಿ ಹೋಗಬೇಕಾಗಿತ್ತು. ಆ ಎಲ್ಲೆಯಾದರೂ ನೆಟ್ಟಗಿದೆಯೇ? 35ನೆಯ ಅಕ್ಷಾಂಶದ ಮೇಲೆ ಬರಬೇಕಾಗಿದ್ದ ಗೆರೆಯನ್ನು 1818ರ ಭೂಮಾಪನದಲ್ಲಿ ಒಂದು ಮೈಲಿಗೂ ಹೆಚ್ಚು ದಕ್ಷಿಣಕ್ಕೆ ಎಳೆದುಬಿಟ್ಟರು. ಅದನ್ನು ಸರಿಪಡಿಸಿ ಟೆನೆಸಿ ನದಿಯ ನೀರು ತನಗೂ ಸಿಗುವಂತೆ ಮಾಡಬೇಕೆಂದು ಜಾರ್ಜಿಯಾದ ಶಾಸನಸಭೆ 2008ರಲ್ಲೂ 2013ರಲ್ಲೂ ಠರಾವು ಮಾಡಿತು, ಟೆನೆಸಿ ಒಪ್ಪಲಿಲ್ಲ. ಎಲ್ಲೆಯ ವ್ಯಾಜ್ಯ ಹಾಗೆಯೇ ಉಳಿದಿದ್ದರೂ ಎಣಿಕೆ ನಿಂತಿಲ್ಲ. ಗೆರೆ ಯಾರದು ಎಂದು ಜಗಳವಾಡುವವರು ಆಡಲಿ, ಇಲ್ಲಿಯ ಜನ ಹೇಗೆ ಬಾಳುತ್ತಿದ್ದಾರೆ ಎಂಬುದು ತಿಳಿದಿರಲಿ, ಎಂಬ ವಿವೇಕ ಇದರಲ್ಲಿದೆ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಕೌಂಟಿಯನ್ನು ಇಡಿಯಾಗಿ ಸೇರಿಸುವುದರಿಂದ ನಗರದ ಜೊತೆಗೆ ಕಾಡೂ ಹೊಲವೂ ಮಹಾನಗರದ ಲೆಕ್ಕಕ್ಕೆ ಬಂದುಬಿಡುತ್ತವೆ. ಜಾರ್ಜಿಯಾದ ದಕ್ಷಿಣ ತುದಿಯ ಎಕಲ್ಸ್ ಕೌಂಟಿಯಲ್ಲಿ 2020ರಲ್ಲಿ ನಾಲ್ಕು ಸಾವಿರ ಜನರೂ ಇರಲಿಲ್ಲ; ಅದು 2003ರಲ್ಲಿ ವಾಲ್ಡೋಸ್ಟಾ ಮಹಾನಗರ ವಲಯಕ್ಕೆ ಸೇರಿತು. ದೂರದ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕೌಂಟಿ ನಮ್ಮ ಕೇರಳ ರಾಜ್ಯಕ್ಕಿಂತ ದೊಡ್ಡದು, ಅದರ ಬಹುಭಾಗ ಮರುಭೂಮಿ. ಅದೂ ಪೂರ್ತಿಯಾಗಿ ಮಹಾನಗರ! ಇನ್ನೊಂದು ದೋಷವೆಂದರೆ, ತಿಳಿವಳಿಕೆಗಾಗಿ ಎಳೆದ ಗೆರೆ ಹಣದ ಗೆರೆಯಾಗುತ್ತದೆ. ವೃದ್ಧರ ಚಿಕಿತ್ಸೆಗಾಗಿ ಅಲ್ಲಿಯ ಸರ್ಕಾರ ಆಸ್ಪತ್ರೆಗಳಿಗೆ ಕೊಡುವ ಹಣ ಆಯಾ ವಲಯದ ಕೂಲಿಯ ಮಟ್ಟವನ್ನು ಅನುಸರಿಸುತ್ತದೆ. ಬಡವರಿಗೆ ಕೊಡುವ ಮನೆ ಬಾಡಿಗೆಯ ನೆರವೂ ಹಾಗೆಯೇ. ತಮ್ಮನ್ನು ನೆರೆಯ ವಲಯಕ್ಕೆ ಸೇರಿದವರೆಂದು ಎಣಿಸಬೇಕೆಂದು ಆಸ್ಪತ್ರೆಗಳು ಅರ್ಜಿ ಹಾಕುವ ಏರ್ಪಾಡೂ ಉಂಟು. 2021ರ ಆರಂಭದಲ್ಲಿ ತಿರುಳಿನ ಜನಸಂಖ್ಯೆಯ ಮಿತಿಯನ್ನು 50,000ದಿಂದ ಒಂದು ಲಕ್ಷಕ್ಕೆ ಏರಿಸುವ ಸೂಚನೆ ಬಂದಿತು. ಹಾಗೇನಾದರೂ ಆಗಿದ್ದರೆ ದೇಶದಲ್ಲಿ 144 ಊರುಗಳು ಮಹಾನಗರದ ಸ್ಥಾನವನ್ನು ಕಳೆದುಕೊಳ್ಳುತ್ತಿದ್ದವು. ಆ ಊರುಗಳವರು ಸುಮ್ಮನೆ ಕೂರಲಿಲ್ಲ. ಆಕ್ಷೇಪಗಳನ್ನು ಬರೆದು ಕಳುಹಿಸಿದರು. ಅದೇ ವರ್ಷ ಜುಲೈನಲ್ಲಿ ಹಳೆಯ ಮಿತಿಯೇ ಉಳಿಯಿತು. ನಿಯಮ ಬಹಿರಂಗವಾಗಿದ್ದುದರಿಂದಲೇ ಅವರಿಗೆ ಆಕ್ಷೇಪಿಸಲು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ಗುಂಪುಗೂಡಿಸುವ ಕೆಲಸ ಯಾವಾಗಲೂ ನಿರಪಾಯವಲ್ಲ. ಅದೇ ಜಾರ್ಜಿಯಾ ಅದೇ ಕೌಂಟಿಗಳನ್ನು ಬೇರೊಂದು ರೀತಿಯಲ್ಲಿ ಗುಂಪು ಮಾಡಿತ್ತು. 1917ರ ಶಾಸನದಂತೆ, ಅಭ್ಯರ್ಥಿಗಳನ್ನು ಆರಿಸುವ ಪಕ್ಷದ ಚುನಾವಣೆಯಲ್ಲಿ ಮತಗಳನ್ನು ತಲೆಯೆಣಿಸಿ ಕೂಡುತ್ತಿರಲಿಲ್ಲ, ಕೌಂಟಿಗೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಜನ ಹೆಚ್ಚಾಗಿರುವ ಎಂಟು ಕೌಂಟಿಗಳಿಗೆ ಆರಾರು ಅಂಕ, ಮುಂದಿನ ಮೂವತ್ತಕ್ಕೆ ನಾಲ್ಕು ನಾಲ್ಕು, ಉಳಿದ 121ಕ್ಕೆ ಎರಡೆರಡು. 1960ರಲ್ಲಿ 1,876 ಜನರಿದ್ದ ಎಕಲ್ಸಿಗೆ ಎರಡು ಅಂಕ. ಐದೂವರೆ ಲಕ್ಷ ಜನರಿದ್ದ ಫುಲ್ಟನ್ನಿಗೆ ಆರೇ ಅಂಕ! ಅಟ್ಲಾಂಟಾ ನಗರದ ಜನರ ಮತ, ಅವರಲ್ಲಿ ಮುಖ್ಯವಾಗಿ ಕರಿಯ ಜನರ ಮತ, ಹೀಗೆ ತೂಕ ಕಳೆದುಕೊಂಡಿತ್ತು. 1963ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಒಬ್ಬರಿಗೆ ಒಂದು ಮತ ಎಂಬ ತತ್ವವನ್ನು ಎತ್ತಿಹಿಡಿದು ಈ ಪದ್ಧತಿಯನ್ನು ಅಸಿಂಧುವೆಂದಿತು. ಕೌಂಟಿಗಳು ಅವೇ, ಒಂದು ಗುಂಪುಗಾರಿಕೆ ಜನರನ್ನು ಕಾಣಿಸಿತು, ಇನ್ನೊಂದು ಮರೆಮಾಡಿತು.

ಈಗ ನಮ್ಮ ನೆಲಕ್ಕೆ ಬರೋಣ. ಹೊಸೂರು ಇದ್ದಲ್ಲಿಯೇ ಇದೆ. ಆದರೆ ಅದು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಪ್ರತಿಯೊಂದು ಸಲವೂ ಇಲ್ಲಿಯ ಕನ್ನಡಿಗರ ಶೇಕಡಾವಾರು ಲೆಕ್ಕ ಬದಲಾಯಿತು. ಒಂದು ಮನೆಯೂ ಊರು ಬಿಟ್ಟು ಕದಲಬೇಕಾಗಿರಲಿಲ್ಲ. ಇದು ಬರಿಯ ಗಣಿತವಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ 1956ರಲ್ಲಿ ಹೊರಡಿಸಿದ ಜ್ಞಾಪನಾಪತ್ರದಲ್ಲಿ, ಜಿಲ್ಲೆ, ಪುರಸಭೆ, ತಾಲ್ಲೂಕುಗಳಂಥ ಪ್ರದೇಶದಲ್ಲಿ ಒಂದು ಭಾಷೆಯವರು ಶೇಕಡಾ 15ರಿಂದ 20ರಷ್ಟು ಇದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಬರಬೇಕೆಂಬ ಸೂತ್ರವಿದೆ. ಐದು ತಾಲ್ಲೂಕುಗಳ ಜಿಲ್ಲೆಯೊಂದನ್ನು ಊಹಿಸಿಕೊಳ್ಳಿ, ತಾಲ್ಲೂಕಿಗೆ ಒಂದೊಂದು ಲಕ್ಷ ಜನ. ಒಂದೇ ತಾಲ್ಲೂಕಿನಲ್ಲಿ 40,000 ಕನ್ನಡಿಗರಿದ್ದಾರೆ ಎನ್ನೋಣ. ತಾಲ್ಲೂಕಿನ ಲೆಕ್ಕದಲ್ಲಿ ಅವರು ಶೇಕಡಾ 40. ಜಿಲ್ಲೆಯ ಲೆಕ್ಕದಲ್ಲಿ ಶೇಕಡಾ 8. ಒಂದು ಲೆಕ್ಕದಲ್ಲಿ ಅವರಿಗೆ ಹಕ್ಕುಂಟು, ಇನ್ನೊಂದರಲ್ಲಿ ಅವರು ಕಾಣಿಸುವುದೇ ಇಲ್ಲ!

ಕೆಲಸದ ಮಾತನ್ನೂ ನೋಡಿ. ಅತ್ತಿಬೆಲೆಯ ಗಡಿಯನ್ನು ಬೆಳಿಗ್ಗೆ ದಾಟುವ ಬಸ್ಸುಗಳು ಎರಡು ಕಡೆಯಿಂದಲೂ ತುಂಬಿರುತ್ತವೆ. ಅವರು ನಮ್ಮ ಕಾರ್ಖಾನೆಗಳಿಗೆ ಬರುತ್ತಾರೆ, ನಾವು ಬೆಂಗಳೂರಿಗೆ ಹೋಗುತ್ತೇವೆ. ಆದರೆ 2011ರ ಗಣತಿಯಲ್ಲಿ ಸುಮಾರು 85 ಲಕ್ಷ ಜನರ ಬೆಂಗಳೂರು ನಗರ ಸಮೂಹದಲ್ಲಿ ಹೊಸೂರಿಗೆ ಎಡೆಯಿರಲಿಲ್ಲ. ದೆಹಲಿಗೆ ಅಂಟಿಕೊಂಡ ಘಾಜಿಯಾಬಾದನ್ನೂ ಬೇರೆ ಸಮೂಹವಾಗಿಯೇ ಎಣಿಸಿದರು. ಕೆಲಸದ ಸ್ಥಳ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂದು ಆ ಗಣತಿ ಕೇಳಿತು; ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲಿಲ್ಲ. ಜಾರ್ಜಿಯಾದ ವಲಯಗಳೆಲ್ಲ ನಿಂತಿರುವುದು ಆ ಕೇಳದ ಪ್ರಶ್ನೆಯ ಮೇಲೆ.

ನಾನು ಎಲ್ಲೆಯನ್ನು ಬದಲಿಸಿರೆಂದು ಕೇಳುತ್ತಿಲ್ಲ. ಎಲ್ಲೆ ಎಲ್ಲೆಯ ಪಾಡಿಗೆ ಇರಲಿ. ಎಣಿಕೆ ಅದರ ನೆರಳಿನಲ್ಲಿ ಕುರುಡಾಗದಿರಲಿ. ಭಾಷೆಯ ಅಂಕಿಗಳನ್ನು ಜಿಲ್ಲೆಯಲ್ಲಿ ಕರಗಿಸದೆ ತಾಲ್ಲೂಕು, ಗ್ರಾಮದ ಮಟ್ಟದಲ್ಲಿ ನೋಡಿ ನಿರ್ಣಯಿಸಬೇಕೆಂದು ನಮ್ಮ ಸಂಘ ಸರ್ಕಾರಗಳನ್ನು ಕೇಳಬೇಕು. ಆ 144 ಊರುಗಳವರಂತೆ ಬರೆದು ಕೇಳಬೇಕು, ಅಂಕಿಗಳನ್ನು ಮುಂದಿಟ್ಟು ಕೇಳಬೇಕು. ಇದು ಸಂಘದ ಕೆಲಸ. ಮನೆಯ ಕೆಲಸ ಇನ್ನೊಂದಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಗಣತಿದಾರರು ಮಾತೃಭಾಷೆ ಯಾವುದೆಂದು ಕೇಳುವಾಗ, ಮನೆಯಲ್ಲಿ ಕನ್ನಡವಾಡುವವರು ಕನ್ನಡವೆಂದೇ ಹೇಳಬೇಕು. ಮಕ್ಕಳ ಹೆಸರಿನ ಮುಂದೆಯೂ ಹಾಗೆಯೇ ಬರೆದರೇ ಎಂದು ನೋಡಿಕೊಳ್ಳಬೇಕು. ತಮಿಳರೂ ತೆಲುಗರೂ ನಮ್ಮ ನೆರೆಹೊರೆಯ ಬಂಧುಗಳು. ಅವರ ಲೆಕ್ಕದಿಂದ ಒಂದನ್ನೂ ನಾವು ಕದಿಯಬೇಕಾಗಿಲ್ಲ. ನಮ್ಮದನ್ನು ನಾವು ಬಿಟ್ಟುಕೊಡದಿದ್ದರೆ ಸಾಕು. ಯಾವ ಗೆರೆಯೊಳಗೆ ನಮ್ಮನ್ನು ಕೂಡುತ್ತಾರೆ ಎಂಬುದು ಸರ್ಕಾರದ ಕೈಯಲ್ಲಿದೆ. ಕೂಡುವುದಕ್ಕೆ ನಾವು ಅಲ್ಲಿ ಇರುವಂತೆ ಮಾಡುವುದು ನಮ್ಮ ಕೈಯಲ್ಲಿದೆ.