ಹಳೆಯ ಹೆಂಚಿಗೆ ಹೊಸ ಒಕ್ಕಲು



ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ, ಹೆಂಚಿನ ಮಾಡು ಬಿಚ್ಚಿಸಿ ತಾರಸಿ ಹಾಕಿಸಿದವರ ಹಿತ್ತಲಿಗೆ ಹೋಗಿ ನೋಡಿ. ಗೋಡೆಯ ಪಕ್ಕದಲ್ಲಿ ಹಳೆಯ ಹೆಂಚಿನ ರಾಶಿ ಬಿದ್ದಿರುತ್ತದೆ. ಗಟ್ಟಿಯಾಗಿದ್ದುದು ಕೊಟ್ಟಿಗೆಗೋ ಕೊಳ್ಳುವವರಿಗೋ ಹೋಗುತ್ತದೆ. ಮುಕ್ಕಾದುದು, ಒಡೆದುದು ಉಳಿಯುತ್ತದೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಮ್ಮ ತಲೆ ಕಾಯ್ದ ವಸ್ತು ಇದು. ಅದನ್ನು ರಸ್ತೆಯ ಗುಂಡಿಗೆ ಸುರಿಯುವ ಮೊದಲು ಸ್ವಲ್ಪ ತಡೆಯಿರಿ. ತರಕಾರಿ ಪಾತಿಯ ಅಂಚು ಕಟ್ಟುವುದಕ್ಕೆ ಇದು ಬಹಳ ಒಳ್ಳೆಯ ಸಾಮಾನು.

ಅಂಚು ಎಂದರೆ ಮಣ್ಣು ಜಾರದಂತೆ ತಡೆಯುವುದು, ಅಷ್ಟೇ ತಾನೆ ಎನ್ನುತ್ತೀರಿ. ಅಷ್ಟೇ ಆಗಿದ್ದರೆ ಸಿಮೆಂಟು ಗಾರೆಯೇ ಸಾಕಿತ್ತು. ಆದರೆ ಗಾರೆಯ ಅಂಚಿನಲ್ಲಿ ಒಂದು ಇರುವೆಗೂ ಜಾಗವಿಲ್ಲ. ಹೆಂಚಿನ ಅಂಚಿನಲ್ಲಿ ಸಂದು ಇರುತ್ತದೆ, ನೆರಳಿರುತ್ತದೆ, ತಂಪಿರುತ್ತದೆ. ಹೆಂಚು ಸುಟ್ಟ ಮಣ್ಣಾದುದರಿಂದ ನೀರು ಹೀರಿಕೊಂಡು ತೇವ ಹಿಡಿದಿಡುತ್ತದೆ. ಆ ತೇವವನ್ನು ಹುಡುಕಿಕೊಂಡು ನಮ್ಮ ಮೊದಲನೆಯ ಒಕ್ಕಲು ಬರುತ್ತಾನೆ. ಅವನೇ ನೆಲಗಪ್ಪೆ.

ಮೈತುಂಬ ಗುಳ್ಳೆ, ಮಣ್ಣಿನ ಬಣ್ಣ, ಕುಪ್ಪಳಿಸುವುದಕ್ಕೂ ಸೋಮಾರಿತನ. ಇವನನ್ನು ಕಂಡರೆ ಮಕ್ಕಳು ಕಲ್ಲು ಬೀರುತ್ತಾರೆ, ದೊಡ್ಡವರು ಪೊರಕೆ ಹಿಡಿಯುತ್ತಾರೆ. ಆದರೆ ನೀವು ಮಲಗಿದ ಮೇಲೆ ಪಾತಿಯ ಕಾವಲು ಇವನದೇ. ಗೆದ್ದಲು, ಇರುವೆ, ದುಂಬಿ, ಎಳೆಯ ಸಸಿಯ ಬುಡ ಕತ್ತರಿಸುವ ಹುಳು ಎಲ್ಲವನ್ನೂ ನಾಲಗೆ ಚಾಚಿ ನುಂಗುತ್ತಾನೆ. ಹಗಲೆಲ್ಲಾ ತಂಪಾದ ಮರೆಯಲ್ಲಿ ಕೂತಿರುತ್ತಾನೆ. ಆ ಮರೆ ಸಿಕ್ಕದಿದ್ದರೆ ಬೇರೆಯವರ ಹಿತ್ತಲಿಗೆ ಹೋಗುತ್ತಾನೆ.

ಕಪ್ಪೆ ನಮ್ಮಂತೆ ಬಾಯಿಂದ ನೀರು ಕುಡಿಯುವುದಿಲ್ಲ, ತೊಗಲಿನಿಂದಲೇ ಹೀರಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಹೊಟ್ಟೆಯೊತ್ತಿ ಕೂತರೆ ಅದರ ಬಾಯಾರಿಕೆ ತೀರಿತು. ನೀರು ಹೋಗುವ ದಾರಿಯಲ್ಲಿ ವಿಷವೂ ಹೋಗುತ್ತದೆ. ಗಿಡಕ್ಕೆ ಹೊಡೆದ ಔಷಧಿ ನೆಲಕ್ಕೆ ಸೋರಿ, ಆ ಒದ್ದೆಯಲ್ಲಿ ಕಪ್ಪೆ ಕೂತರೆ ಗತಿಯೇನು, ನೀವೇ ಊಹಿಸಿ. ಆದುದರಿಂದ ಇತ್ತ ಅಂಚು ಕಟ್ಟಿ ಅತ್ತ ವಾರಕ್ಕೊಂದು ಸಲ ಔಷಧಿ ಹೊಡೆಯುವವರು ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಅದು ಕರೆದು ಕೊಂದಂತೆ.

ಇನ್ನು ಕಟ್ಟುವ ಬಗೆ. ಹೆಂಚನ್ನು ನಿಲ್ಲಿಸಿ, ಅರ್ಧದಷ್ಟು ನೆಲದೊಳಗೆ ಹೂತು, ತುಸು ಹೊರಕ್ಕೆ ಓರೆಯಾಗಿಡಿ. ನಾಲ್ಕೈದು ಹೆಂಚಿಗೊಂದರಂತೆ ಎರಡು ಬೆರಳಗಲ ಸಂದು ಬಿಡಿ. ಹೆಂಚು ಸಾಲದಿದ್ದರೆ ಚಪ್ಪಡಿಯ ಚೂರು, ಒಡೆದ ಇಟ್ಟಿಗೆ, ತೆಂಗಿನ ಸಿಪ್ಪೆ ಆಗುತ್ತದೆ. ಸಿಪ್ಪೆಯನ್ನು ನಾರು ಒಳಕ್ಕೆ ಬರುವಂತೆ ಮಗುಚಿ ಹಾಕಿ. ಬಾಯಿ ಮುಕ್ಕಾದ ಮಡಕೆ ಇದ್ದರೆ ನೆರಳಿರುವ ಮೂಲೆಯಲ್ಲಿ ಬೋರಲು ಹಾಕಿ. ಆ ಮುಕ್ಕೇ ಕಪ್ಪೆಗೆ ಬಾಗಿಲು. ಪಕ್ಕದಲ್ಲಿ ಅಗಲವಾದ ಬೋಕಿಯಲ್ಲಿ ಒಂದಂಗುಲ ನೀರಿಡಿ. ಸೊಳ್ಳೆ ಮೊಟ್ಟೆಯಿಡುತ್ತದೆ, ಆದುದರಿಂದ ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸ ನೀರು ಹಾಕಬೇಕು. ಆದರೆ ಹಳೆಯ ಕಲ್ನಾರಿನ ಶೀಟಿನ ಚೂರು, ಡಾಂಬರು ಬಳಿದ ಮರ, ಔಷಧಿಯ ಡಬ್ಬ ಇವನ್ನು ಮಾತ್ರ ಪಾತಿಯ ಹತ್ತಿರ ತರಬೇಡಿ.

ಒಣಗಿದ ಕೊರಡು ಇದ್ದರೆ ಅದನ್ನೂ ಅಂಚಿಗೆ ಉರುಳಿಸಿ. ಕೆಳಗೆ ಎರಡು ಕಲ್ಲಿಟ್ಟರೆ ಗೆದ್ದಲು ಬೇಗ ಹತ್ತುವುದಿಲ್ಲ. ಅಂಥ ಮರದಲ್ಲಿಯೂ ಬಿದಿರಿನ ತುಂಡಿನಲ್ಲಿಯೂ ಕಪ್ಪು ದುಂಬಿ ತೂತು ಮಾಡಿ ಸಂಸಾರ ಹೂಡುತ್ತದೆ. ಮನೆಯ ತೊಲೆ ಕೊರೆಯುವ ದುಂಬಿ ಇದೇ ಅಲ್ಲವೇ ಎಂದು ಬೈಯುತ್ತೀರಿ. ಹೌದು, ಅದೇ. ಕೊರಡು ಕೊಟ್ಟು ನೋಡಿ. ಬದನೆಯ ಹೂವಿನ ಪರಾಗ ಸಣ್ಣ ತೂತಿನ ಕೊಳವೆಯೊಳಗೆ ಅಡಗಿರುತ್ತದೆ. ಜೇನುನೊಣಕ್ಕೆ ಅದನ್ನು ಅಲುಗಿಸಿ ಉದುರಿಸುವ ಚಾತುರ್ಯವಿಲ್ಲ. ಕಪ್ಪು ದುಂಬಿ ಹೂವಿಗೆ ಜೋತುಬಿದ್ದು ಗುಂಯ್ ಎಂದು ಮೈ ನಡುಗಿಸಿತೆಂದರೆ ಉಪ್ಪು ಉದುರಿದ ಹಾಗೆ ಪರಾಗ ಉದುರುತ್ತದೆ.

ಸಂದಿನಲ್ಲಿ ಒಂದಿಷ್ಟು ಕೊತ್ತಂಬರಿ, ಸಬ್ಬಸಿಗೆ ಚೆಲ್ಲಿ, ಕೆಲವನ್ನು ಕೀಳದೆ ಹೂವಿಗೆ ಬಿಡಿ. ಆ ಹೂವಿಗೆ ಗುಲಗಂಜಿ ಹುಳು ಬರುತ್ತದೆ. ಇದು ಹೇನು ತಿನ್ನುವುದು ನಿಮಗೆ ಗೊತ್ತು. ಇದರ ಮರಿಯನ್ನು ಮಾತ್ರ ಗುರುತಿಸುವವರು ಕಡಮೆ. ಮೊಸಳೆಯ ಆಕಾರದ ಕಪ್ಪು ಹುಳು ಎಂದು ಹೊಸಕಿಬಿಡುತ್ತಾರೆ. ಇನ್ನೊಂದು ಜಾತಿಯ ಗುಲಗಂಜಿ ಹುಳುವನ್ನು 1898ರಲ್ಲಿ ಆಸ್ಟ್ರೇಲಿಯದಿಂದ ನಮ್ಮ ದೇಶಕ್ಕೆ ತಂದರು. ಬಂದದ್ದು ಕಾಫಿಯ ಕೀಟಕ್ಕೆಂದು, ಹೆಸರು ಮಾಡಿದ್ದು ಹಿಟ್ಟು ತಿಗಣೆ ತಿನ್ನುವುದರಲ್ಲಿ. ಅದರ ಮರಿಯೂ ಹಿಟ್ಟು ತಿಗಣೆಯಂತೆ ಮೈಗೆಲ್ಲಾ ಬಿಳಿ ಮೇಣ ಮೆತ್ತಿಕೊಂಡಿರುತ್ತದೆ. ಬಿಳಿಯದೆಲ್ಲಾ ಶತ್ರುವೆಂದು ಒರೆಸಬೇಡಿ. ಕಡ್ಡಿಯಿಂದ ಮುಟ್ಟಿದಾಗ ಚುರುಕಾಗಿ ಹರಿದಾಡಿದರೆ ಅದನ್ನು ಹಾಗೆಯೇ ಬಿಡಿ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ‘ಸಂದು ಮಾಡಿದರೆ ಹಾವು ಬರೋದಿಲ್ಲವೇನ್ರಿ?’ ಬರಬಹುದು. ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಕಪ್ಪೆಯಿದ್ದಲ್ಲಿ, ಇಲಿಯಿದ್ದಲ್ಲಿ ಹಾವು ಸುಳಿಯುವುದುಂಟು. ಆದರೆ ಇಲಿ ಸೇರುವುದು ಗೋಡೆಗೊರಗಿಸಿದ ರಾಶಿಯಲ್ಲಿ, ಒಂಟಿ ಸಾಲಿನ ಅಂಚಿನಲ್ಲಿ ಅಷ್ಟಾಗಿ ಅಲ್ಲ. ಹೀಗಾಗಿ ರಾಶಿಯನ್ನು ಬಿಡಿಸುವುದೇ ಮೊದಲ ಕೆಲಸ. ಬಿಡಿಸುವಾಗ ಚೇಳು ಇದ್ದೀತು, ಕೋಲಿನಿಂದ ಎಬ್ಬಿಸಿ. ಅಂಚು ಬಚ್ಚಲ ಬಾಗಿಲಿಗೆ, ಮಕ್ಕಳು ಓಡಾಡುವ ದಾರಿಗೆ ದೂರವಿರಲಿ. ಸಂದಿಗೆ ಬರಿಗೈ ತೂರಿಸಬೇಡಿ, ಕತ್ತಲಾದ ಮೇಲೆ ದೀಪವಿಲ್ಲದೆ ಹೋಗಬೇಡಿ. ಹಾವು ಕಚ್ಚಿದರೆ ಮಂತ್ರ, ನಾಟಿ ಔಷಧಿ ಎನ್ನುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಹೊಳೆಯುವ ಮೈಯ ಹಾವರಾಣಿಗೆ ಮಾತ್ರ ಹೆದರಬೇಕಾಗಿಲ್ಲ, ಅದಕ್ಕೆ ವಿಷವೇ ಇಲ್ಲ. ಹುಳು ತಿಂದುಕೊಂಡು ಅದರ ಪಾಡಿಗೆ ಇರುತ್ತದೆ.

ನನ್ನನ್ನು ಕೇಳಿದರೆ, ಹಾವಿಗಿಂತ ದೊಡ್ಡ ತಲೆನೋವು ಶಂಖದ ಹುಳು. ಆಫ್ರಿಕದ ಈ ದೊಡ್ಡ ಬಸವನಹುಳು ಹಗಲಿನಲ್ಲಿ ಅದೇ ತಂಪು ಸಂದನ್ನು ಹಿಡಿಯುತ್ತದೆ, ಒಂದೊಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ಬೆಳೆದ ಹುಳುವನ್ನು ಕಪ್ಪೆ ನುಂಗಲಾರದು. ನಿಮ್ಮೂರಿಗೆ ಅದು ಬಂದಿದ್ದರೆ ಮಳೆಗಾಲದ ಸಂಜೆ ಅಂಚಿನ ಪಕ್ಕದಲ್ಲಿ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪರಂಗಿ ಎಲೆ ಇಡಿ. ಬೆಳಗ್ಗೆ ಚೀಲವೆತ್ತಿದರೆ ಹುಳುಗಳು ಗುಂಪಾಗಿ ಸಿಕ್ಕುತ್ತವೆ. ಬರಿಗೈಯಿಂದ ಮುಟ್ಟದೆ ಇಕ್ಕಳದಲ್ಲಿ ಹಿಡಿದು ಗಟ್ಟಿ ಉಪ್ಪುನೀರಿನ ಬಕೀಟಿಗೆ ಹಾಕಿ. ಆ ನೀರನ್ನು ಪಾತಿಗೆ ಚೆಲ್ಲಬೇಡಿ, ಉಪ್ಪನ್ನು ಅಂಚಿನ ಮೇಲೂ ಉದುರಿಸಬೇಡಿ. ತೊಗಲಿನಿಂದ ನೀರು ಕುಡಿಯುವ ನಮ್ಮ ಒಕ್ಕಲು ಅಲ್ಲೇ ಕೂತಿರುತ್ತಾನೆ.

ಅಂಚು ಕಟ್ಟುವುದಕ್ಕೆ ಮುಂಗಾರಿಗೆ ಹದಿನೈದು ದಿನ ಮುಂಚೆ ಒಳ್ಳೆಯ ಸಮಯ. ಮಳೆ ಹಿಡಿದ ಮೇಲೆ ಹೊಂಡದ ನೀರಿನಲ್ಲಿ ಕರಿಮಣಿ ಪೋಣಿಸಿದ ಸರದಂತೆ ಉದ್ದನೆಯ ಎಳೆ ಕಂಡರೆ ಅದು ನೆಲಗಪ್ಪೆಯ ಮೊಟ್ಟೆ. ಆ ಹೊಂಡವನ್ನು ಒಂದೆರಡು ತಿಂಗಳು ಮುಚ್ಚದೆ ಬಿಡಿ.