ಕರೆಂಟ್ ಇದ್ರ ನೆಟ್ ಇಲ್ಲ

"ಕರೆಂಟ್ ಇದ್ರ ನೆಟ್ ಇರಲ್ಲ ಯಪ್ಪಾ, ನೆಟ್ ಬಂದ್ರ ಕರೆಂಟ್ ಇರಲ್ಲ." ಅಫಜಲಪುರ ತಾಲ್ಲೂಕಿನ ಒಂದು ರೇಷನ್ ಅಂಗಡಿ ಮುಂದೆ ಅಜ್ಜಿಯೊಬ್ಬರು ನನಗೆ ಹೇಳಿದ ಮಾತಿದು. ತೊಗರಿ ಹೊಲದ ಕೂಲಿ ಬಿಟ್ಟು, ಹೆಬ್ಬೆಟ್ಟು ಒತ್ತೋಕೆ ಎರಡನೇ ದಿನ ಸಾಲಿನಲ್ಲಿ ನಿಂತಿದ್ದರು.

ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇವು ಎರಡು ಸಮಸ್ಯೆ ಅಲ್ಲ, ಒಂದೇ. ಮೊಬೈಲ್ ಟವರ್ ನಡೆಯೋದೂ ಕರೆಂಟಿನಿಂದಲೇ. ಕರೆಂಟ್ ಹೋದರೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಪದೇ ಪದೇ ಹೋದರೆ ಬ್ಯಾಟರಿ ಪೂರ್ತಿ ಚಾರ್ಜೇ ಆಗಲ್ಲ. ಜನರೇಟರೂ ಇಲ್ಲದಿದ್ದರೆ ಟವರ್ ಮಲಗಿತು ಅಂತಲೇ ಲೆಕ್ಕ.

"ಸರ್ವರ್ ಡೌನ್, ನಾಳೆ ಬಾ" ಅನ್ನೋರಿಗೆ ಒಂದು ಮಾತು. ರೇಷನ್ ಯಾರ ಭಿಕ್ಷೆಯೂ ಅಲ್ಲ, 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ನೆಟ್‌ವರ್ಕ್ ಇಲ್ಲ, ಬೆರಳಚ್ಚು ಹೊಂದಲಿಲ್ಲ ಅಂತ ಯಾರನ್ನೂ ಬರಿಗೈಲಿ ಕಳಿಸಬೇಡಿ, ಕಾರ್ಡ್ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಂಡು ಧಾನ್ಯ ಕೊಡಿ ಎಂದು 2017ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿದೆ.

ಆ ರಿಜಿಸ್ಟರ್‌ಗೆ ಕರೆಂಟ್ ಬೇಡ, ನೆಟ್ ಬೇಡ. ಒಂದು ಪೆನ್ನು ಸಾಕು. ನಿಮ್ಮೂರ ಅಂಗಡೀಲಿ ಅದು ಎಲ್ಲಿದೆ? ನಾಳೆ ಹೋದಾಗ ಕೇಳಿ.